ಕಾಶಿಯ ಕೊನೆಯ ಎಂಟು ಪುಟ

ಅಕ್ಕು ತನ್ನ ಜನ್ಮದಲ್ಲಿ ಮಂಗಳೂರಿನಿಂದ ಆಚೆಗಿನ ಪೇಟೆ ಕಂಡವಳಲ್ಲ. ಆದರೆ ಬೊಂಬಾಯಿಯ ಒಂದು ಗಲ್ಲಿ ಮಾತ್ರ ಅವಳಿಗೆ ಅಂಗೈ ನೆಲ್ಲಿಕಾಯಿ. ಗಲ್ಲಿಯ ಬಾಯಲ್ಲಿ ಸೋಡಾ ಅಂಗಡಿ, ಅದರ ಪಕ್ಕದಲ್ಲಿ ಸದಾ ತೊಟ್ಟಿಕ್ಕುವ ನಲ್ಲಿ, ನಲ್ಲಿಯ ಎದುರು ಸಾಲಾಗಿ ಕೂತು ಹಳೆಯ ಸೀಸೆ ತೊಳೆಯುವ ಹೆಂಗಸರು. ಮೂರನೆಯ ತಗಡಿನ ಮನೆಯಲ್ಲಿ ಕಾಶಿ ಎಂಬ ಹುಡುಗಿ ಮತ್ತು ಅವಳ ಅಜ್ಜಿ. ಸೀಸೆಗೆ ಅಂಟಿಸಿದ ಲೇಬಲ್ಲುಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಗೋಡೆಗೆ ಅಂಟಿಸಿ, ಕಾಶಿ ಅಕ್ಷರ ಕಲಿತದ್ದು. ಅವಳ ತಾಯಿ ಪೇಟೆಯ ಆ ತುದಿಯಲ್ಲಿ ದೊಡ್ಡ ಮನೆಯೊಂದರ ಕೆಲಸಕ್ಕೆಂದು ಟ್ರಾಮು ಹತ್ತಿ ಹೋದವಳು, ಭಾನುವಾರ ಬರುತ್ತೇನೆ ಅಂದಿದ್ದಳು. ಯಾವ ಭಾನುವಾರ ಎಂದು ಹೇಳಿರಲಿಲ್ಲ.

ಇದೆಲ್ಲ ಇರುವುದು ಒಂದು ಕಾದಂಬರಿಯಲ್ಲಿ. ಅದಕ್ಕೊಂದು ಹೆಸರು ಇದ್ದೇ ಇದೆ, ಆದರೆ ಗಡಿನಾಡಿನ ಪುತ್ತಿಗೆಯ ಈ ಮನೆಯಲ್ಲಿ ಅದು 'ಕಾಶಿಯ ಪುಸ್ತಕ', ಅಷ್ಟೆ. ರಟ್ಟು ಹೋಗಿ, ದಾರದಲ್ಲಿ ಹೊಲಿದು, ಹೊಗೆಸೊಪ್ಪಿನ ವಾಸನೆ ಹಿಡಿದ ಪುಸ್ತಕ. ಕೊನೆಯ ಎಂಟು ಪುಟ ಇಲ್ಲ. ಗೆದ್ದಲು ತಿಂದದ್ದು ಎಂದು ಅಕ್ಕುವಿನ ಗಂಡ ಕೂಸಪ್ಪ ಹೇಳುತ್ತಿದ್ದ. ಮನೆಯಲ್ಲಿ ಯಾರಿಗೂ ಅದರ ಚಿಂತೆ ಇರಲಿಲ್ಲ, ಯಾಕೆಂದರೆ ಆ ಎಂಟು ಪುಟದಲ್ಲಿ ಏನಿದೆ ಎಂದು ಎಲ್ಲರಿಗೂ ಬಾಯಿಪಾಠ. ಒಂದು ಭಾನುವಾರ ಟ್ರಾಮು ನಿಲ್ಲುತ್ತದೆ, ತಾಯಿ ಬಟ್ಟೆಯ ಗಂಟು ಹಿಡಿದು ಇಳಿಯುತ್ತಾಳೆ, ಸೀಸೆ ತೊಳೆಯುತ್ತಿದ್ದ ಮಗಳನ್ನು ಹೆಸರು ಹಿಡಿದು ಕರೆಯುತ್ತಾಳೆ.

ಅಕ್ಕು ಆ ಪುಸ್ತಕವನ್ನು ಕೇಳಿದ್ದು ನಲವತ್ತೈದು ವರ್ಷದ ಹಿಂದೆ, ಬೀಡಿ ಶೆಡ್ಡಿನಲ್ಲಿ. ಆಗ ಶೆಡ್ಡಿನಲ್ಲಿ ಒಂದು ಕ್ರಮವಿತ್ತು. ಒಬ್ಬ ನಡುವೆ ಕೂತು ಗಟ್ಟಿಯಾಗಿ ಓದಬೇಕು, ಉಳಿದವರು ಬೀಡಿ ಕಟ್ಟುತ್ತಾ ಕೇಳಬೇಕು. ಓದುವವನ ಆ ದಿನದ ಬೀಡಿಯನ್ನು ಎಲ್ಲರೂ ಹಂಚಿಕೊಂಡು ಕಟ್ಟಿ ಅವನ ತಡ್ಪೆಗೆ, ಅಂದರೆ ಎಲೆ-ಹೊಗೆಸೊಪ್ಪು ಇಟ್ಟುಕೊಳ್ಳುವ ಮೊರಕ್ಕೆ, ಹಾಕಬೇಕು. ಬೆಳಿಗ್ಗೆ ಪೇಪರು, ಮಧ್ಯಾಹ್ನದ ಮೇಲೆ ಕಾದಂಬರಿ. ಓದುತ್ತಿದ್ದವನು ಕೂಸಪ್ಪ. ಅಕ್ಕು ಮೊದಲು ಮೆಚ್ಚಿದ್ದು ಕಾಶಿಯನ್ನೋ ಕೂಸಪ್ಪನನ್ನೋ ಎಂದು ಕೇಳಿದರೆ ಇವತ್ತಿಗೂ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬೇರೆ ಮಾತು ತೆಗೆಯುತ್ತಾಳೆ.

ಈಗ ಕೂಸಪ್ಪನ ಕಣ್ಣಿಗೆ ಪೊರೆ. ಹೊಗೆಯಿಂದ ಬಂದ ಉಬ್ಬಸ ಬೇರೆ. ಅಕ್ಕು ಜಗಲಿಯಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವುದು ಬಿಟ್ಟಿಲ್ಲ, ಓದುವ ಕೆಲಸ ಮೊಮ್ಮಗಳು ಶ್ರೀರಂಜಿನಿಯ ಪಾಲಿಗೆ ಬಂದಿದೆ. ಶಾಲೆ ಬಿಟ್ಟು ಬಂದ ಹುಡುಗಿ ಯೂನಿಫಾರ್ಮಿನಲ್ಲೇ ಗೋಡೆಗೆ ಒರಗಿ ಅರ್ಧ ಗಂಟೆ ಓದುತ್ತಾಳೆ. ಅಕ್ಕುವಿನ ಬೆರಳುಗಳಿಗೆ ಕೆಲಸ ಗೊತ್ತು, ಅವು ತಮ್ಮಷ್ಟಕ್ಕೆ ಎಲೆ ಸುರುಳಿ ಮಾಡಿ ನೂಲು ಸುತ್ತುತ್ತವೆ. ಅಕ್ಕು ಮಾತ್ರ ಅಲ್ಲಿರುವುದಿಲ್ಲ. ಅಂಗಳದ ಗೇರುಮರದ ನೆರಳು ಉದ್ದವಾಗುತ್ತಿದ್ದಂತೆ ಅವಳು ಟ್ರಾಮಿನ ಕಂಬಿ ದಾಟಿ, ಸೋಡಾ ಅಂಗಡಿಯವನಿಗೆ ತಲೆಯಾಡಿಸಿ, ನಲ್ಲಿಯ ಬಳಿ ಕಾಶಿಯ ಪಕ್ಕ ಕೂತಿರುತ್ತಾಳೆ.

ಸೊಸೆ ಹರಿಣಾಕ್ಷಿಗೆ ಇದು ಸುತರಾಂ ಇಷ್ಟವಿಲ್ಲ. ಮನೆಯಲ್ಲೇ ರವಿಕೆ ಹೊಲಿಯುವ ಹೆಂಗಸು, ಕತ್ತರಿ ಎಷ್ಟು ನೇರವೋ ಮಾತೂ ಅಷ್ಟೇ ನೇರ.

"ಅತ್ತೆ, ಮಾರ್ಚಿನಲ್ಲಿ ಇವಳಿಗೆ ಪ್ಲಸ್ ಟು ಪರೀಕ್ಷೆ ಉಂಟು. ಆ ಕಾಶಿ ಬಂದು ಇವಳ ಪೇಪರು ಬರೀತಾಳಾ?"

"ಅರ್ಧ ಗಂಟೆ ಅಲ್ವಾ ಮಗಾ."

"ಅರ್ಧ ಗಂಟೆ ಓದುದು, ಆಮೇಲೆ ಒಂದು ಗಂಟೆ ನೀವಿಬ್ಬರೂ ಆಕಾಶ ನೋಡಿಕೊಂಡು ಕೂತುಕೊಳ್ಳುದು. ಆ ಹೊಗೆಸೊಪ್ಪಿನ ಧೂಳು ಮಗುವಿನ ಮೂಗಿಗೆ."

"ರಾಜೀವಿ ಈ ಧೂಳಿನಲ್ಲೇ ಕೂತು ಓದಿ ಬೇಂಕಿಗೆ ಸೇರಿದ್ದು."

ರಾಜೀವಿಯ ಹೆಸರು ಬಂದೊಡನೆ ಜಗಳ ಅಲ್ಲಿಗೇ ನಿಲ್ಲುತ್ತಿತ್ತು. ರಾಜೀವಿ ಅಕ್ಕುವಿನ ಮಗಳು, ಹರಿಣಾಕ್ಷಿಯ ಗಂಡ ಯೋಗೀಶನಿಗೆ ಅಕ್ಕ. ಗಂಡ ಶಶಾಂಕನ ಊರು ಪೆರ್ಲ. ನಾಲ್ಕು ವರ್ಷದ ಹಿಂದೆ ಅವರು ಅಲ್ಲಿ ಹೊಸ ಮನೆ ಕಟ್ಟಿ ಒಕ್ಕಲಾದಾಗ ಅಕ್ಕು ಹಿಂದಿನ ದಿನವೇ ಹೋದಳು. ಹೋಗುವಾಗ ತಡ್ಪೆಯನ್ನೂ ಹಿಡಿದುಕೊಂಡು ಹೋದಳು. ಮರುದಿನ ಬೀಡಿ ಕೊಡಬೇಕಾಗಿತ್ತು, ಒಂದು ಸಾವಿರ ಬಾಕಿ ಇತ್ತು, ಮದುವೆಯೋ ಸಾವೋ ಕೈ ಸುಮ್ಮನಿದ್ದು ಅವಳಿಗೆ ಗೊತ್ತಿಲ್ಲ. ಗ್ರಾನೈಟ್ ಹಾಕಿದ ಸಿಟೌಟಿನಲ್ಲಿ, ಮುಂಬಾಗಿಲ ಜಗಲಿಯಲ್ಲೇ, ಬಂದ ನೆಂಟರ ಎದುರು, ಕಾಲು ಚಾಚಿ ಬೀಡಿ ಕಟ್ಟುತ್ತಾ ಕೂತಳು. ಶಶಾಂಕನ ಕಡೆಯವರು ಯಾರೋ ನಕ್ಕರು. ರಾಜೀವಿ ಮುಖ ಕೆಂಪು ಮಾಡಿ ಬಂದು, ತಡ್ಪೆಯನ್ನು ತಾಯಿಯ ಮಡಿಲಿನಿಂದಲೇ ಎತ್ತಿ, ಒಯ್ದು ಬಚ್ಚಲ ಕಟ್ಟೆಯ ಮೇಲಿಟ್ಟಳು. ಯಾರೋ ಕೈ ತೊಳೆದ ನೀರಿಗೆ ಎಲೆಯೆಲ್ಲ ಒದ್ದೆಯಾಯಿತು. ಊಟಕ್ಕೆ ಎಲೆ ಹಾಕಿ ಬಡಿಸಲು ಶುರುಮಾಡುವಾಗ ಅಕ್ಕು ಎದ್ದು ಬಸ್ಸಿಗೆ ನಡೆದಳು.

ಅಂದಿನಿಂದ ತಾಯಿ ಹೋಗಲಿಲ್ಲ, ಮಗಳು ಬರಲಿಲ್ಲ. ರಾಜೀವಿ ತಮ್ಮನಿಗೆ ಫೋನು ಮಾಡಿ ಅಪ್ಪನ ಕಣ್ಣಿನ ವಿಷಯ ಕೇಳುತ್ತಾಳೆ, ಅಮ್ಮನಿಗೆ ಕೊಡು ಅನ್ನುವುದಿಲ್ಲ. ಯೋಗೀಶ ಉಪ್ಪಳದ ಟೈಲ್ಸ್ ಅಂಗಡಿಯಲ್ಲಿ ಇಡೀ ದಿನ ಗಿರಾಕಿಗಳ ನಡುವೆ ರಾಜಿ ಮಾಡಿಸುವವನು, ಮನೆಯಲ್ಲಿ ಅವನ ಒಂದು ಮಾತೂ ನಡೆಯುವುದಿಲ್ಲ.

"ಅಮ್ಮ, ನೀನೇ ಒಮ್ಮೆ ಹೋಗಿ ಬಾ. ಎರಡು ಬಸ್ಸು ಅಷ್ಟೆ."

"ಬಿಟ್ಟು ಹೋದವರು ಬರಬೇಕು. ಕಾಶಿಯ ಅಮ್ಮ ಬರಲಿಲ್ವಾ?"

"ಬಿಟ್ಟು ಬಂದದ್ದು ನೀನು ಅಲ್ವಾ ಮಾರಾಯ್ತಿ!"

"ನಾನು ಬಿಟ್ಟು ಬಂದದ್ದು ಊಟ. ಅವಳು ಅಮ್ಮನನ್ನು ಬಿಟ್ಟದ್ದು," ಎಂದು ಅಕ್ಕು ನೂಲನ್ನು ಹಲ್ಲಿನಲ್ಲಿ ಕಡಿಯುತ್ತಿದ್ದಳು. ಬರುವವರು ಬಂದೇ ಬರುತ್ತಾರೆ ಎಂಬುದು ಅವಳಿಗೆ ಪುಸ್ತಕ ಕೊಟ್ಟ ಧೈರ್ಯ. ಪ್ರತಿ ಭಾನುವಾರ ಅವಳು ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿಸುತ್ತಿದ್ದಳು. ಸೋಮವಾರ ಬೆಳಿಗ್ಗೆ ಹರಿಣಾಕ್ಷಿ ಆ ಅನ್ನಕ್ಕೆ ನೀರು ಹಾಕಿ ತಾನೇ ಉಣ್ಣುತ್ತಿದ್ದಳು.

ಜನವರಿಯಲ್ಲಿ ಗೇರು ಹೂ ಬಿಟ್ಟಾಗ ಊರಿನ ವಾಚನಾಲಯದವರು ಓದಿನ ಸ್ಪರ್ಧೆ ಇಟ್ಟರು. ಇಷ್ಟವಾದ ಕಾದಂಬರಿಯ ಬಗ್ಗೆ ಬರೆದುಕೊಟ್ಟು, ಎದುರು ನಿಂತು ಮಾತಾಡಬೇಕು. ಶ್ರೀರಂಜಿನಿ ಹೆಸರು ಕೊಟ್ಟು ಬಂದಳು.

"ಯಾವುದರ ಬಗ್ಗೆ?" ಎಂದ ಕೂಸಪ್ಪ.

"ಕಾಶಿ, ಅಲ್ಲದೆ ಇನ್ಯಾವುದು ಅಜ್ಜ?"

ಕೂಸಪ್ಪ ಗಂಜಿಯ ಬಟ್ಟಲು ಕೆಳಗಿಟ್ಟ. "ಅದು ಹಳೇ ಕಾಲದ್ದು. ಹೊಸತು ಯಾವುದಾದರೂ ನೋಡು."

"ಹಳತು ಅಂತ ಹಾಗೆ ಬಿಡುದಾ? ಕೊನೆಗೆ ಅಮ್ಮ ಬರುವ ಜಾಗ ಇಲ್ವಾ, ಅದನ್ನು ಹೇಳಿದರೆ ಎಲ್ಲರೂ ಅಳ್ತಾರೆ ನೋಡಿ."

ಕೂಸಪ್ಪ ಉಪ್ಪಿನಕಾಯಿ ಮುಟ್ಟದೆ ಎದ್ದ. ಅಕ್ಕು ಮಾತ್ರ ಅಂದು ಸಂಜೆ ಮೊಮ್ಮಗಳನ್ನು ಕೂರಿಸಿ, ಆ ಎಂಟು ಪುಟವನ್ನು ಒಂದಕ್ಷರ ಬಿಡದೆ ಹೇಳಿದಳು. ಟ್ರಾಮಿನ ಗಂಟೆ, ತಾಯಿಯ ಹಸಿರು ಸೀರೆ, ಕಾಶಿಯ ಕೈಯ ಸಾಬೂನು ನೊರೆ, ಎಲ್ಲ. ಹುಡುಗಿ ಬರೆದುಕೊಂಡಳು.

ಸ್ಪರ್ಧೆಯ ದಿನ ಹರಿಣಾಕ್ಷಿ ಬಾಯಲ್ಲಿ ಗೊಣಗುತ್ತಲೇ ಮಗಳ ಚೂಡಿದಾರಿಗೆ ಇಸ್ತ್ರಿ ಹಾಕಿದಳು. ಸಂಜೆ ಹುಡುಗಿ ಬಂದದ್ದು ಮುಖ ಊದಿಸಿಕೊಂಡು. ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ.

"ಎಂತ ಆಯ್ತು?"

"ಎಂತ ಆಗ್ಲಿಕ್ಕೆ? ಜಡ್ಜ್ ಆಗಿ ಬಂದ ಉಜ್ವಲಾ ಟೀಚರ್ ಎಲ್ಲರೆದುರು ಕೇಳಿದ್ರು, ಕೊನೆಯನ್ನು ನೀನೇ ಬರೆದದ್ದಾ, ಚೆಂದ ಉಂಟು, ಆದ್ರೆ ಕಾದಂಬರಿಯಲ್ಲಿ ಹಾಗಿಲ್ಲ ಅಂತ. ಎಲ್ಲರೂ ನಕ್ಕರು. ಪುಸ್ತಕ ಪೂರ್ತಿ ಓದದೆ ಬಂದವಳು ಅಂತ ಆಯ್ತು ನಾನು." ಚೀಲದಿಂದ ಹೊಳೆಯುವ ರಟ್ಟಿನ ಹೊಸ ಪುಸ್ತಕವೊಂದನ್ನು ತೆಗೆದು ಜಗಲಿಗೆ ಬಡಿದಳು. "ವಾಚನಾಲಯದಲ್ಲಿ ಹೊಸ ಪ್ರಿಂಟು ಉಂಟು. ಅಲ್ಲೇ ಕೂತು ಕೊನೆ ಓದಿದೆ. ಅಜ್ಜ ನಮಗೆ ಇಷ್ಟು ವರ್ಷ ಸುಳ್ಳು ಹೇಳಿದ್ದು!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೂಸಪ್ಪ ಯಾರೂ ಕೇಳುವ ಮೊದಲೇ, "ಗೆದ್ದಲು ತಿಂದದ್ದು, ನಾನಲ್ಲ," ಅಂದ. ಆಮೇಲೆ ಪ್ರಿಂಟು ಬೇರೆ ಇರಬಹುದು ಅಂದ. ಆಮೇಲೆ ಕೆಮ್ಮಿದ.

"ಮಾವ, ಮಗುವಿನ ಮರ್ಯಾದೆ ಹೋಯ್ತು," ಎಂದು ಹರಿಣಾಕ್ಷಿ ಸೂಜಿ ನಿಲ್ಲಿಸಿದಳು. "ನಿಮಗೆ ಗೊತ್ತಿತ್ತಲ್ಲ, ಆವತ್ತೇ ಹೇಳ್ಬಹುದಿತ್ತು."

"ಹೇಳ್ತೇನೆ ಅಂತ ಬಾಯಿ ತೆರೆದೆ. ಆಗ ಅಕ್ಕು ನಗ್ತಾ ಇದ್ದಳು."

ಶ್ರೀರಂಜಿನಿ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ನಿಜವಾಗಿ ಎಂತ ಆಗುದು ಗೊತ್ತುಂಟಾ? ಕಾಶಿಯ ಅಮ್ಮ..."

"ಬೇಡ," ಎಂದಳು ಅಕ್ಕು. ಕೈಯಲ್ಲಿದ್ದ ಬೀಡಿ ಬಿಚ್ಚಿಹೋಗಿ ಹೊಗೆಸೊಪ್ಪು ಮಡಿಲಿಗೆಲ್ಲ ಚೆಲ್ಲಿತ್ತು. "ಈಗ ಹೇಳಬೇಡ."

ಹೊಸ ಪುಸ್ತಕ ಫ್ರಿಜ್ಜಿನ ಮೇಲೆ ಕೂತಿತು. ಹದಿನೈದು ದಿನಕ್ಕೆ ತಂದದ್ದು, ಯೋಗೀಶ ವಾಚನಾಲಯಕ್ಕೆ ಹೋಗಿ ಮತ್ತೆ ಹದಿನೈದು ದಿನಕ್ಕೆ ಬರೆಸಿ ಬಂದ. ಸಂಜೆಯ ಓದು ನಿಂತಿತು. ಮೊಮ್ಮಗಳು ಒಳಗೆ ಕೂತು ಪರೀಕ್ಷೆಗೆ ಓದಿದಳು, ಅಜ್ಜನಿಗೆ ಚಾ ತಂದುಕೊಟ್ಟರೂ ಮುಖ ನೋಡಲಿಲ್ಲ. ಬಯಸಿದ್ದು ಹೀಗೆ ಸಿಕ್ಕಿದ್ದಕ್ಕೆ ಹರಿಣಾಕ್ಷಿಗೇ ಇರುಸುಮುರುಸು. ಮನೆಯಲ್ಲಿ ಹೊಲಿಗೆ ಮಿಶನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಅಕ್ಕುವಿಗೆ ಗಲ್ಲಿಗೆ ಹೋಗುವ ದಾರಿ ಮಾತ್ರ ಮುಚ್ಚಲಿಲ್ಲ. ಮಧ್ಯಾಹ್ನ ಊಟವಾಗಿ ಗೋಡೆಗೆ ತಲೆ ಕೊಟ್ಟರೆ ಸಾಕು, ಟ್ರಾಮಿನ ಗಂಟೆ ಕೇಳಿಸುತ್ತಿತ್ತು. ಟ್ರಾಮು ಬಂದು ನಿಲ್ಲುತ್ತಿತ್ತು. ಹಸಿರು ಸೀರೆಯ ಹೆಂಗಸು ಬಾಗಿಲ ತನಕ ಬರುತ್ತಿದ್ದಳು. ಅವಳ ಮುಖ ಒಮ್ಮೆ ಅಕ್ಕುವಿನ ತಾಯಿಯದಾಗುತ್ತಿತ್ತು. ಆ ತಾಯಿ ಕೊಡಗಿನ ಕಾಫಿ ತೋಟಕ್ಕೆಂದು ಹೋಗಿ, ಆರು ವರ್ಷದ ಅಕ್ಕುವನ್ನು ಸೋದರತ್ತೆಯ ಮನೆಯಲ್ಲಿ ಬಿಟ್ಟವಳು, ಮತ್ತೆ ಬರಲೇ ಇಲ್ಲ. ಮತ್ತೊಮ್ಮೆ ನೋಡಿದರೆ ಅದೇ ಮುಖ ರಾಜೀವಿಯದು. ಇಳಿ, ಇಳಿ ಎಂದು ಅಕ್ಕು ಕೈ ಬೀಸುತ್ತಿದ್ದಳು. ಟ್ರಾಮು ಯಾರನ್ನೂ ಇಳಿಸದೆ ಹೊರಟುಹೋಗುತ್ತಿತ್ತು. ಎಚ್ಚರವಾದಾಗ ಅಂಗಳದ ಬಿಸಿಲಿನಲ್ಲಿ ಕೋಳಿಯೊಂದು ಕೆದಕುತ್ತಿರುತ್ತಿತ್ತು, ಮತ್ತು ಅಕ್ಕುವಿಗೆ ಅಳು ಬರುತ್ತಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಸೈಕಲಿನವನಿಂದ ಬೂತಾಯಿ ಮೀನು ತಗೊಂಡು ಹರಿಣಾಕ್ಷಿ ಕತ್ತಿಮಣೆ ಹಾಕಿ ಕೂತಿದ್ದಳು. ಅಕ್ಕು ಫ್ರಿಜ್ಜಿನ ಮೇಲಿನ ಪುಸ್ತಕ ಹಿಡಿದು ಬಂದಳು.

"ಏಳು. ಕೈ ತೊಳೆ. ಇದನ್ನು ಓದಿ ಹೇಳು."

"ನಾನಾ? ರಂಜಿನಿ ಕ್ಲಾಸಿನಿಂದ ಬರ್ಲಿ ಅತ್ತೆ."

"ಅವಳದ್ದು ಅಜ್ಜನ ರಕ್ತ. ನನ್ನ ಮುಖ ನೋಡಿ ಅವಳೂ ಎಲ್ಲಾದರೂ ಬದಲಿಸಿಬಿಟ್ಟಾಳು. ನೀನಾದರೆ ಒಂದಕ್ಷರ ಆಚೆ ಈಚೆ ಮಾಡುವವಳಲ್ಲ."

ಇದು ಹೊಗಳಿಕೆಯೋ ಬೈಗಳೋ ಎಂದು ಹರಿಣಾಕ್ಷಿಗೆ ತಿಳಿಯಲಿಲ್ಲ. "ಮೀನು?"

"ಮೀನು ನಾನು ಕೊಯ್ತೇನೆ. ಓದುವವರ ಕೆಲಸ ಕೇಳುವವರು ಮಾಡಬೇಕು. ಅದು ಕ್ರಮ."

ಹಾಗೆ ಅತ್ತೆ ಕತ್ತಿಮಣೆಯಲ್ಲಿ ಕೂತಳು, ಸೊಸೆ ಅಡುಗೆಮನೆಯ ಹೊಸ್ತಿಲಲ್ಲಿ. ಹರಿಣಾಕ್ಷಿಯ ಓದು ರೇಷನ್ ಕಾರ್ಡು ಓದಿದ ಹಾಗೆ, ಏರಿಳಿತವಿಲ್ಲ. ಕಾಶಿ ಪ್ರತಿ ಭಾನುವಾರ ಟ್ರಾಮು ನಿಲ್ಲುವಲ್ಲಿ ಕಾದಳು. ತಾಯಿ ಬರಲಿಲ್ಲ. ಮಳೆಗಾಲ ಎರಡು ಹೋದವು. ಕಾಶಿ ಕೆಲಸ ಕಲಿತಳು, ಉದ್ದ ಬೆಳೆದಳು. ಒಂದು ಭಾನುವಾರ ಸೀಸೆಯ ಬುಟ್ಟಿಯನ್ನು ಅಜ್ಜಿಯ ಕೈಗೆ ಕೊಟ್ಟಳು. ಟ್ರಾಮು ಬಂತು. ಯಾರು ಇಳಿದರು ಎಂದು ಅವಳು ನೋಡಲಿಲ್ಲ. ತಾನೇ ಹತ್ತಿದಳು. ಕೊನೆಯ ನಿಲ್ದಾಣದಲ್ಲಿ ಇಳಿದು, ಫಲಕಗಳನ್ನು ಓದುತ್ತಾ, ದೊಡ್ಡ ಮನೆಯನ್ನು ಹುಡುಕಿ, ಹಿಂಬಾಗಿಲ ಮುಂದೆ ನಿಂತು ಕದ ತಟ್ಟಲು ಕೈ ಎತ್ತಿದಳು.

ಹರಿಣಾಕ್ಷಿ ಪುಟ ತಿರುಗಿಸಿದಳು.

"ಆಮೇಲೆ?"

"ಆಮೇಲೆ ಇಲ್ಲ. ಅಷ್ಟೇ ಇರುದು."

"ಬಾಗಿಲು ತೆಗೆದಳಾ?"

"ಬರೆದಿಲ್ಲ ಅತ್ತೆ. ನೋಡಿ, ಖಾಲಿ ಪುಟ." ಹರಿಣಾಕ್ಷಿ ಪುಸ್ತಕ ಮುಚ್ಚಿದಳು. ಆಮೇಲೆ ಮೂಗೊರೆಸಿಕೊಂಡು, "ಗಟ್ಟಿಗಿತ್ತಿ ಹುಡುಗಿ," ಅಂದಳು. ಅಕ್ಕು ಮೀನಿನ ಕೈಯಲ್ಲೇ ಎದ್ದು ಜಗಲಿಗೆ ಹೋದಳು.

ಕೂಸಪ್ಪ ಕುರ್ಚಿಯಲ್ಲಿದ್ದ. ಕಣ್ಣು ಮಸುಕಾದರೂ ಹೆಂಡತಿಯ ನಡಿಗೆ ಅವನಿಗೆ ತಿಳಿಯುತ್ತದೆ.

"ಯಾಕೆ ಹಾಗೆ ಮಾಡಿದ್ರಿ?"

ಈ ಸಲ ಅವನು ಗೆದ್ದಲಿನ ಮಾತೆತ್ತಲಿಲ್ಲ. "ನೀನು ಎದುರು ಸಾಲಿನಲ್ಲಿ ಕೂತಿದ್ದೆ. ಬೆಳಿಗ್ಗೆಯಿಂದ ಒಂದು ಬೀಡಿ ಕಟ್ಟಿರಲಿಲ್ಲ. ಕಾಶಿಯ ಅಮ್ಮ ಇವತ್ತು ಬರ್ತಾಳೆ ಅಂತ ಪಕ್ಕದವಳ ಹತ್ತಿರ ಹೇಳ್ತಾ ಇದ್ದೆ. ನಿನ್ನ ಅಮ್ಮನ ಕಥೆ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಆ ಪುಟ ನೋಡಿದೆ, ನಿನ್ನ ಮುಖ ನೋಡಿದೆ. ಬಾಯಿಗೆ ಬೇರೆಯೇ ಬಂತು."

"ಆಮೇಲೆ ಹೇಳ್ಬಹುದಿತ್ತು."

"ಆಮೇಲೆ ನಿನ್ನನ್ನು ಮದುವೆ ಆದೆ. ಮದುವೆ ಆದವಳಿಗೆ ನಿಜ ಹೇಳ್ಲಿಕ್ಕೆ ಆಗ್ತದಾ?" ನಗಿಸಲು ನೋಡಿದ. ಅವಳು ನಗಲಿಲ್ಲ. "ಸಾಕ್ಷರತಾ ಕ್ಲಾಸಿಗೆ ಹೋಗಿ ನೀನು ಹೆಸರು ಬರೆದು ತೋರಿಸಿದೆ ಅಲ್ವಾ, ಆವತ್ತೇ ಪುಟ ಹರಿದು ಒಲೆಗೆ ಹಾಕಿದೆ. ಓದಿಬಿಡ್ತೀ ಅಂತ ಹೆದರಿಕೆ ಆಯ್ತು."

ನಲವತ್ತಕ್ಕೂ ಮಿಕ್ಕಿ ವರ್ಷ ಒಂದೇ ಚಾಪೆಯಲ್ಲಿ ಮಲಗಿದ ಗಂಡಸು ಇಷ್ಟು ಪ್ರೀತಿ ಮಾಡಿದ್ದಾನೆ ಎಂದು ತಿಳಿದು ಅಕ್ಕುವಿಗೆ ಎದೆ ತುಂಬಿ ಬಂತು. ಅದರ ಬೆನ್ನಿಗೇ ಅವನ ಕೆನ್ನೆಗೊಂದು ಕೊಡಬೇಕು ಅನಿಸಿತು. ಎರಡನ್ನೂ ನುಂಗಿಕೊಂಡು ಅವಳು ಕೇಳಿದ್ದು ಬೇರೆ.

"ಪೆರ್ಲಕ್ಕೆ ಬಸ್ಸು ಎಷ್ಟು ಗಂಟೆಗೆ?"

"ನಾನೂ ಬರ್ಲಾ?"

"ಬೇಡ. ನೀವು ಬಂದರೆ ಬಾಗಿಲು ತೆಗೆಯುವ ಮೊದಲೇ ಕಥೆ ಮಾಡ್ತೀರಿ."

ಹರಿಣಾಕ್ಷಿ ಸೀರೆಯ ನೆರಿಗೆ ಹಿಡಿದು ಸರಿಮಾಡಿದಳು. ಹುರಿದ ಬೂತಾಯಿ ಎಂಟನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟು, "ರಾಜೀವಿಯಕ್ಕನಿಗೆ ಹೇಳಿ, ಅವರು ಬರ್ತಾರೆ ಅಂತ ಹೆಚ್ಚು ಹಾಕಿದ ಅನ್ನವನ್ನು ಪ್ರತಿ ಸೋಮವಾರ ನಾನು ತಂಗಳು ಉಣ್ತೇನೆ ಅಂತ," ಎಂದಳು. ಅಕ್ಕು ಎಷ್ಟೋ ವರ್ಷದಲ್ಲಿ ಮೊದಲ ಸಲ ಸೊಸೆಯ ಗಲ್ಲ ಮುಟ್ಟಿದಳು.

ಬದಿಯಡ್ಕದಲ್ಲಿ ಬಸ್ಸು ಬದಲಿಸಬೇಕು. ಕಿಟಕಿಯ ಬದಿ ಸೀಟು ಸಿಕ್ಕಿತು. ಹೊರಗೆ ಗೇರುತೋಪು, ಕೆಂಪು ಕಲ್ಲಿನ ಕ್ವಾರಿ, ಬಣ್ಣದ ಮನೆಗಳು ಹಿಂದಕ್ಕೆ ಓಡುತ್ತಿದ್ದವು. ಬಿಸಿಲಿಗೆ ಕಣ್ಣು ಕೂಡಿದಾಗ ಬಸ್ಸು ಕಂಬಿಯ ಮೇಲೆ ಹೋಗುವ ಹಾಗೆ, ಕಂಡಕ್ಟರ್ ಗಂಟೆ ಬಾರಿಸುವ ಹಾಗೆ, ಪಕ್ಕದಲ್ಲಿ ಎಣ್ಣೆ ಹಾಕಿ ತಲೆ ಬಾಚಿದ ಹದಿನಾಲ್ಕರ ಹುಡುಗಿಯೊಬ್ಬಳು ಕೂತಿರುವ ಹಾಗೆ ಅನಿಸಿತು. ಹೆದರಿಕೆ ಆಗ್ತದಾ ಎಂದು ಅಕ್ಕು ಕೇಳಿದಳು. ಆಗ್ತದೆ, ನಿಮಗೆ ಆಗ್ತದಾ ಎಂದಳು ಹುಡುಗಿ. ನನಗೂ, ಎಂದಳು ಅಕ್ಕು. ಬಸ್ಸು ಪೆರ್ಲದಲ್ಲಿ ನಿಂತಾಗ ಪಕ್ಕದ ಸೀಟು ಖಾಲಿ ಇತ್ತು.

ಎರಡನೆಯ ಶನಿವಾರ, ಬೇಂಕಿಗೆ ರಜೆ. ರಾಜೀವಿಯ ಮನೆಯ ಮುಂಬಾಗಿಲು ಮುಚ್ಚಿತ್ತು. ಸಿಟೌಟಿನ ಗ್ರಾನೈಟು ಹಾಗೆಯೇ ಹೊಳೆಯುತ್ತಿತ್ತು. ಅಕ್ಕು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ಕೈ ಎತ್ತಿದಳು, ಇಳಿಸಿದಳು. ಹಿಂದಕ್ಕೆ ಹೋಗಿಬಿಡೋಣ ಅನಿಸಿತು. ಒಂದೂವರೆಗೆ ವಾಪಸು ಬಸ್ಸು ಇತ್ತು. ಕಾದಂಬರಿ ಬರೆದ ಪುಣ್ಯಾತ್ಮ ಇಲ್ಲಿಗೇ ಬಿಟ್ಟುಹೋದದ್ದಕ್ಕೆ ಅವಳಿಗೆ ನಿಜವಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕದ ತಟ್ಟಿದಳು.

ರಾಜೀವಿ ಬಾಗಿಲು ತೆಗೆದಳು. ಮುಂದಲೆ ನರೆತಿತ್ತು. ನಾಲ್ಕು ವರ್ಷ ಅಂದರೆ ಅಷ್ಟು.

"ಅಮ್ಮಾ... ಒಬ್ಬಳೇ ಬಂದದ್ದಾ? ಅಪ್ಪನಿಗೆ ಎಂತಾದರೂ?"

"ಅಪ್ಪನಿಗೆ ಎಂತ ಇಲ್ಲ. ನಾನೇ ಬಂದದ್ದು."

ಮಗಳು ಬಾಗಿಲ ಚೌಕಟ್ಟು ಹಿಡಿದೇ ನಿಂತಳು.

"ನಾನು ತಪ್ಪು ಮಾಡಿದೆ ಅಂತ ಆವತ್ತು ಬಸ್ಸು ಹೊರಡುವ ಮೊದಲೇ ಗೊತ್ತಾಗಿತ್ತಮ್ಮ. ಎಷ್ಟು ಸಲ ಹೊರಟೆ. ಮತ್ತೆ, ಇಲ್ಲ, ಅಮ್ಮ ಬರ್ತಾಳೆ ಅಂತ ಕೂತೆ. ಸಣ್ಣಕ್ಕಿರುವಾಗ ಅಪ್ಪ ಪುಸ್ತಕ ಓದಿ ಹೇಳ್ತಿದ್ರಲ್ಲ. ಎಷ್ಟು ತಡ ಆದರೂ ಕೊನೆಗೆ ಅಮ್ಮನೇ ಬರುದು ಅಂತ. ನಾನು ಅದನ್ನೇ ನಂಬಿ ಕೂತದ್ದು."

ಅಕ್ಕು ಮಗಳ ಮುಖವನ್ನೇ ನೋಡಿದಳು. ಒಂದೇ ಸುಳ್ಳನ್ನು ಹಿಡಿದುಕೊಂಡು ಇಬ್ಬರು ಹೆಂಗಸರು ಒಂದು ಗಂಟೆಯ ಬಸ್ಸಿನ ದಾರಿಯ ಎರಡು ತುದಿಯಲ್ಲಿ ನಾಲ್ಕು ವರ್ಷ ಕೂತಿದ್ದರು. ನಿಜ ನಾಲಗೆಯ ತುದಿಗೆ ಬಂದಿತ್ತು. ಹೇಳಲು ಬಾಯಿಯನ್ನೂ ತೆರೆದಳು.

"ಹೌದು ಮಗಾ," ಎಂದಳು, "ಪುಸ್ತಕದಲ್ಲಿ ಹಾಗೆಯೇ ಉಂಟು. ದಾರಿ ಬಿಡು. ನನಗೆ ಹಸಿವೆ ಆಗ್ತದೆ, ಅನ್ನ ಬಡಿಸು."